ಭೂಮಿಯೊಳಗಿನ ಶಾಖದ ಹರಿವನ್ನು ಅಳೆಯುವುದು ಹೇಗೆ: ಕೋಲಾರದ ಬಂಡೆಯಿಂದ ಪೂಗಾದ ಬಿಸಿನೀರಿನವರೆಗೆ

ಕೋಲಾರದ ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲಿನಿಂದ ತಣ್ಣನೆ ಗಾಳಿ ಇಳಿಸದಿದ್ದರೆ ಅಲ್ಲಿ ಮನುಷ್ಯ ನಿಂತು ಕೆಲಸ ಮಾಡಲು ಆಗುತ್ತಿರಲಿಲ್ಲ. ಆದರೂ ಭೂಮಿಯ ಶಾಖ ಅಳೆಯುವವರ ಲೆಕ್ಕದಲ್ಲಿ ಕೋಲಾರ ತಣ್ಣನೆಯ ಜಾಗ. ಅಲ್ಲಿ ಕಿಲೋಮೀಟರಿಗೆ ಏರುವುದು ಸುಮಾರು 12 ಡಿಗ್ರಿ ಮಾತ್ರ. ಬೇರೆ ಎಷ್ಟೋ ಕಡೆ ಕಿಲೋಮೀಟರಿಗೆ 30 ಡಿಗ್ರಿ ಏರುತ್ತದೆ. ಕೋಲಾರದಲ್ಲೂ ಹಾಗೇ ಇದ್ದಿದ್ದರೆ ಅದೇ ಆಳದಲ್ಲಿ ಬಂಡೆ 120 ಡಿಗ್ರಿ ದಾಟುತ್ತಿತ್ತು. ಆಗ ಅಷ್ಟು ಕೆಳಗೆ ಗಣಿ ಇಳಿಯುವ ಮಾತೇ ಇರುತ್ತಿರಲಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು? ಅದನ್ನು ಅಳೆದು ಹೇಳುವ ಕೆಲಸವೇ ಶಾಖದ ಹರಿವಿನ ಮಾಪನ. ನಾನು ಇಲ್ಲಿ ಒಂದು ಬೋರ್ ಆರಿಸುವುದರಿಂದ ಹಿಡಿದು ಕೊನೆಯ ಅಂಕಿ ಬರೆಯುವವರೆಗೆ ಒಂದೊಂದಾಗಿ ಹೇಳುತ್ತೇನೆ. ಭೂವಿಜ್ಞಾನ ಓದುತ್ತಿರುವವರಿಗೆ, ಫೀಲ್ಡಿಗೆ ಹೊರಟವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಲಿ ಅಂತ ಆಸೆ. ತಾಪಮಾನ ಅಳೆಯುವುದು ಇಲ್ಲಿ ಕಷ್ಟವೇ ಅಲ್ಲ. ಅಳೆದದ್ದು ಬಂಡೆಯ ತಾಪಮಾನವೋ, ಬೋರಿನೊಳಗೆ ಓಡಾಡುವ ನೀರಿನ ತಾಪಮಾನವೋ ಅಂತ ಗುರುತಿಸುವುದು ಕಷ್ಟ. ಅರ್ಧಕ್ಕಿಂತ ಜಾಸ್ತಿ ಶ್ರಮ ಅಲ್ಲೇ ಹೋಗುತ್ತದೆ.

ಏನನ್ನು ಅಳೆಯುತ್ತಿದ್ದೇವೆ?

ಭೂಮಿಯ ಒಳಗಿನಿಂದ ಶಾಖ ಸದಾ ಮೇಲಕ್ಕೆ ಬರುತ್ತಿರುತ್ತದೆ. ಒಂದು ಚದರ ಮೀಟರ್ ನೆಲದ ಮೂಲಕ ಸೆಕೆಂಡಿಗೆ ಎಷ್ಟು ಶಾಖ ಹೊರಬರುತ್ತದೆ ಅನ್ನುವುದೇ ಶಾಖದ ಹರಿವು. ಇದನ್ನು ಚದರ ಮೀಟರಿಗೆ ಇಷ್ಟು ಮಿಲಿವ್ಯಾಟ್ ಅಂತ ಬರೆಯುತ್ತಾರೆ. ಮುಂದೆ ಸುಮ್ನೆ ಮಿಲಿವ್ಯಾಟ್ ಅಂದರೆ ಇದೇ ಅರ್ಥ. ಖಂಡಗಳ ಸರಾಸರಿ ಸುಮಾರು 65 ಮಿಲಿವ್ಯಾಟ್. ಕರ್ನಾಟಕದ ಹಳೆಯ ಬಂಡೆಗಳಲ್ಲಿ, ಅಂದರೆ ಧಾರವಾಡ ಕ್ರೇಟಾನಿನಲ್ಲಿ, ಸಾಮಾನ್ಯವಾಗಿ ಸಿಗುವುದು 25ರಿಂದ 50. ಇದು ಎಷ್ಟು ಕಡಿಮೆ ಅಂದರೆ, ಒಂದು ಎಕರೆ ಹೊಲದಿಂದ ಹೊರಬರುವ ಭೂಶಾಖವನ್ನೆಲ್ಲ ಒಟ್ಟು ಮಾಡಿದರೂ ಎರಡು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟೇ ಆಗುತ್ತದೆ. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಅದರ ಮುಂದೆ ಇದು ಏನೂ ಅಲ್ಲ. ಹಾಗಾಗಿ ಶಾಖವನ್ನು ನೆಲದ ಮೇಲೆ ಹಿಡಿಯಲು ಆಗುವುದಿಲ್ಲ, ಆಳಕ್ಕೆ ಇಳಿಯಲೇಬೇಕು.

ಅಳತೆಗೆ ಎರಡು ಅಂಕಿ ಬೇಕು. ಒಂದು, ಆಳಕ್ಕೆ ಹೋದಂತೆ ತಾಪಮಾನ ಎಷ್ಟು ಏರುತ್ತದೆ. ಇನ್ನೊಂದು, ಅಲ್ಲಿನ ಬಂಡೆ ಶಾಖವನ್ನು ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ಎರಡನೆಯದಕ್ಕೆ ಉಷ್ಣವಾಹಕತೆ ಅನ್ನುತ್ತಾರೆ. ಎರಡನ್ನೂ ಗುಣಿಸಿದರೆ ಶಾಖದ ಹರಿವು.

ತಾಪಮಾನದ ಏರಿಕೆ ನೋಡಿಯೇ "ಇಲ್ಲಿ ಶಾಖ ಜಾಸ್ತಿ" ಅಂತ ತೀರ್ಮಾನಿಸುವುದು ತುಂಬ ಸಾಮಾನ್ಯವಾದ ತಪ್ಪು. ಶೇಲ್ ಕಲ್ಲು ಕಂಬಳಿ ಇದ್ದ ಹಾಗೆ. ಅದರ ವಾಹಕತೆ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಅನ್ನುವ ಲೆಕ್ಕದಲ್ಲಿ) 1.2ರಿಂದ 2ರ ಆಸುಪಾಸು. ಕ್ವಾರ್ಟ್‌ಜೈಟ್ ಕಲ್ಲಿನದು 5, 6 ಆಗಬಹುದು. ಎರಡರ ಮೂಲಕವೂ ಅಷ್ಟೇ ಶಾಖ ಬರುತ್ತಿದ್ದರೂ ಶೇಲ್‌ನಲ್ಲಿ ತಾಪಮಾನ ಮೂರು ನಾಲ್ಕು ಪಟ್ಟು ಬೇಗ ಏರುತ್ತದೆ. ಕಂಬಳಿಯ ಒಳಗೆ ಬೆಚ್ಚಗಿದೆ ಅಂದ ಮಾತ್ರಕ್ಕೆ ಒಳಗಿರುವವನಿಗೆ ಜ್ವರ ಅಂತ ಅಲ್ಲವಲ್ಲ. ಹಾಗಾಗಿ ಕಲ್ಲನ್ನೂ ಅಳೆಯದೆ ಬಿಡಬಾರದು.

ಖಂಡದ ಮೇಲೆ ಈ ಎರಡನ್ನೂ ಸರಿಯಾಗಿ ಅಳೆದು ಪ್ರಕಟಿಸಿದ್ದು 1939ರಲ್ಲಿ. ದಕ್ಷಿಣ ಆಫ್ರಿಕಾದ ಬೋರ್‌ಗಳಲ್ಲಿ ಎಡ್ವರ್ಡ್ ಬುಲ್ಲಾರ್ಡ್, ಇಂಗ್ಲೆಂಡಿನಲ್ಲಿ ಬೆನ್‌ಫೀಲ್ಡ್. ನಮ್ಮಲ್ಲಿ 1960ರ ದಶಕದಲ್ಲಿ ಕೆಲಸ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಮೊದಮೊದಲು ಅಳೆದ ಜಾಗಗಳಲ್ಲಿ ಕೋಲಾರವೂ ಒಂದು. ಕನ್ನಡ ನೆಲದ ಬಂಡೆ ಈ ಶಾಸ್ತ್ರಕ್ಕೆ ಕೊಟ್ಟ ಅಂಕಿಗಳನ್ನು ಇವತ್ತಿಗೂ ಜಗತ್ತಿನ ಭೂಪಟಗಳಲ್ಲಿ ಬಳಸುತ್ತಾರೆ.

ಹಂತ 1: ಬೋರ್ ಆರಿಸುವುದು

ಶಾಖ ಅಳೆಯಲೆಂದೇ ಬೋರ್ ಕೊರೆಸುವಷ್ಟು ದುಡ್ಡು ಯಾರ ಹತ್ತಿರವೂ ಸುಲಭಕ್ಕೆ ಇರುವುದಿಲ್ಲ. ಖನಿಜ ಹುಡುಕಲು ಕೊರೆದು ಬಿಟ್ಟ ಬೋರ್‌ಗಳೇ ನಮಗೆ ಆಧಾರ. ಅವುಗಳಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕೊರೆದಾಗ ತೆಗೆದ ಕೋರ್, ಅಂದರೆ ಉದ್ದುದ್ದ ಕಲ್ಲಿನ ಕಂಬಿಗಳು, ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿರುತ್ತಾರೆ. ಯಾವ ಆಳದಲ್ಲಿ ಯಾವ ಕಲ್ಲು ಅಂತ ಬರೆದಿರುತ್ತದೆ.

ಹೊಲದ ಬೋರ್‌ವೆಲ್ ಬೇಡ. ಪಂಪ್ ಓಡುವ ಬೋರಿನಲ್ಲಿ ನೀರು ಸದಾ ಮೇಲೆ ಕೆಳಗೆ ಆಗುತ್ತಿರುತ್ತದೆ. ಬಂಡೆಯ ತಾಪಮಾನ ಅಲ್ಲಿ ಸಿಗುವುದೇ ಇಲ್ಲ. ನಿಮ್ಮ ಬೋರಿನಲ್ಲಿ ಪಂಪ್ ಇಲ್ಲದಿದ್ದರೂ ಪಕ್ಕದ ಹೊಲದಲ್ಲಿ ಓಡುತ್ತಿದ್ದರೆ, ಬಿರುಕಿನ ಮೂಲಕ ಅದರ ಎಳೆತ ಇಲ್ಲಿಗೂ ತಟ್ಟಬಹುದು. ಊರಿನವರನ್ನು ಕೇಳಿ ತಿಳಿದುಕೊಳ್ಳಿ. ಎಲ್ಲಿ ಎಷ್ಟು ಅಡಿಗೆ ನೀರು ಬಿತ್ತು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಆ ಮಾಹಿತಿ ಆಮೇಲೆ ಗ್ರಾಫ್ ಓದುವಾಗ ಬಹಳ ಕೆಲಸಕ್ಕೆ ಬರುತ್ತದೆ.

ಆಳ ಎಷ್ಟಿರಬೇಕು? ದಿನದ ಬಿಸಿಲು ಮತ್ತು ರಾತ್ರಿಯ ತಂಪು ಬಂಡೆಯೊಳಗೆ ಒಂದು ಮೀಟರಿನಷ್ಟೂ ಇಳಿಯುವುದಿಲ್ಲ. ಬೇಸಿಗೆ ಮತ್ತು ಚಳಿಗಾಲದ ಏರಿಳಿತ ಹದಿನೈದು ಇಪ್ಪತ್ತು ಮೀಟರಿಗೆ ಮಾಯವಾಗುತ್ತದೆ. ಆದರೆ ಕಳೆದ ನೂರು ವರ್ಷಗಳಲ್ಲಿ ಹವಾಮಾನ ಬದಲಾದದ್ದು 100 ಮೀಟರಿಗೂ ಕೆಳಗೆ ಇಳಿದಿರುತ್ತದೆ. ಹಾಗಾಗಿ 300 ಮೀಟರ್ ಇದ್ದರೆ ನೆಮ್ಮದಿ. 500 ಇದ್ದರೆ ಇನ್ನೂ ಒಳ್ಳೆಯದು. 150 ಮೀಟರಿನ ಬೋರನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಿ.

ಹಂತ 2: ಕಾಯುವುದು

ಕೊರೆಯುವಾಗ ರಿಗ್‌ನವರು ನೀರನ್ನೋ ಕೆಸರನ್ನೋ ಬೋರಿನೊಳಗೆ ಸುತ್ತಿಸುತ್ತಿರುತ್ತಾರೆ. ಅದು ಕೆಳಗಿನ ಬಂಡೆಯನ್ನು ತಣಿಸುತ್ತದೆ, ಮೇಲಿನದನ್ನು ಬಿಸಿ ಮಾಡುತ್ತದೆ. ಕೊರೆದ ಮಾರನೇ ದಿನ ಅಳೆದರೆ ಏರಿಕೆ ಕಡಿಮೆ ಕಾಣುತ್ತದೆ. ರೂಢಿಯ ಲೆಕ್ಕ ಅಂದರೆ, ಕೊರೆಯಲು ಹಿಡಿದ ಕಾಲದ ಹತ್ತರಿಂದ ಇಪ್ಪತ್ತು ಪಟ್ಟು ಕಾಯಬೇಕು. 20 ದಿನ ಕೊರೆದಿದ್ದರೆ ಏಳು ತಿಂಗಳಿನಿಂದ ಒಂದು ವರ್ಷ.

ಯಾರಿಗೂ ಇಷ್ಟವಾಗದ ಹಂತ ಇದು. ಪ್ರಾಜೆಕ್ಟಿನ ಅವಧಿ ಮುಗಿಯುತ್ತಿರುತ್ತದೆ, ಬೋರನ್ನು ಮುಚ್ಚಿಬಿಡುತ್ತೇವೆ ಅಂತ ಜಾಗದವರು ಹೇಳುತ್ತಿರುತ್ತಾರೆ. ಆದರೂ ಅವಸರ ಬೇಡ. ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬನ್ನಿ. ಮಕ್ಕಳು ಕಲ್ಲು ಹಾಕಿದರೆ ಬೋರ್ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ, ತೆರೆದ ಬೋರ್ ಮಕ್ಕಳ ಜೀವಕ್ಕೇ ಅಪಾಯ.

ಹಂತ 3: ಪ್ರೋಬ್ ಇಳಿಸುವುದು

ತಾಪಮಾನಕ್ಕೆ ಥರ್ಮಿಸ್ಟರ್ ಬಳಸುತ್ತಾರೆ. ಸ್ಟೀಲ್ ಕೊಳವೆಯ ತುದಿಯಲ್ಲಿ ಕೂರಿಸಿದ ಸಣ್ಣ ಮಣಿ ಅದು. ಮಣಿ ಇರುವ ಈ ಕೊಳವೆಗೇ ಪ್ರೋಬ್ ಅನ್ನುತ್ತಾರೆ. ಬಿಸಿಯಾದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಡಿಗ್ರಿಗೆ ಸುಮಾರು 4 ಶೇಕಡ. 10,000 ಓಮ್‌ನ ಮಣಿ ಅಂದುಕೊಳ್ಳಿ. ಒಂದು ಡಿಗ್ರಿಗೆ 400 ಓಮ್ ಬದಲಾಗುತ್ತದೆ. ನಮಗೆ ಬೇಕಾದದ್ದು ಡಿಗ್ರಿಯ ನೂರನೇ ಒಂದು ಭಾಗ, ಅಂದರೆ 4 ಓಮ್. ಈಗ 500 ಮೀಟರ್ ಕೇಬಲ್ಲಿಗೆ ತನ್ನದೇ 50 ಓಮ್ ಇದ್ದರೆ? ಎರಡೇ ತಂತಿಯಲ್ಲಿ ಅಳೆದರೆ ಡಿಗ್ರಿಯ ಎಂಟನೇ ಒಂದು ಭಾಗದಷ್ಟು ತಪ್ಪು ಕೇಬಲ್ಲಿನಿಂದಲೇ ಬಂತು. ಅದಕ್ಕೇ ನಾಲ್ಕು ತಂತಿಯ ಕೇಬಲ್ ಬೇಕು. ಎರಡು ತಂತಿ ಕರೆಂಟ್ ಒಯ್ಯಲು, ಇನ್ನೆರಡು ಮಣಿಯ ವೋಲ್ಟೇಜ್ ಓದಲು. ಆಗ ಕೇಬಲ್ಲಿನ ರೋಧ ಲೆಕ್ಕಕ್ಕೇ ಬರುವುದಿಲ್ಲ. ಹೊರಡುವ ಮೊದಲು ಮತ್ತು ಬಂದ ಮೇಲೆ, ಎರಡು ಸಲವೂ ಪ್ಲಾಟಿನಂ ಥರ್ಮಾಮೀಟರಿನ ಪಕ್ಕದಲ್ಲಿ ನೀರಿನ ತೊಟ್ಟಿಗೆ ಇಳಿಸಿ ಪ್ರೋಬನ್ನು ಪರೀಕ್ಷಿಸಿ.

ಕೇಬಲ್ಲಿನ ವಿಷಯ ಬಂತಲ್ಲ, ಒಂದು ಘಟನೆ ಹೇಳಿಬಿಡುತ್ತೇನೆ. 1972ರಲ್ಲಿ ಅಪೊಲೊ 16ರ ಗಗನಯಾತ್ರಿಗಳು ಚಂದ್ರನ ನೆಲದಲ್ಲಿ ಶಾಖದ ಹರಿವು ಅಳೆಯಲು ಹೊರಟಿದ್ದರು. ಜಾನ್ ಯಂಗ್ ಅವರ ಕಾಲಿಗೆ ಕೇಬಲ್ ಸಿಕ್ಕಿ ಕಿತ್ತುಬಂತು. ಪ್ರಯೋಗ ಅಲ್ಲಿಗೇ ನಿಂತಿತು. ಅಪೊಲೊ 15 ಮತ್ತು 17ರಲ್ಲಿ ಅಳತೆ ಸಿಕ್ಕಿತು, ಆ ಜಾಗದ್ದು ಸಿಗಲಿಲ್ಲ. ಬೋರಿನ ಬಾಯಿಯ ಹತ್ತಿರ ಕೇಬಲ್ ಎಲ್ಲಿ ಹಾದಿದೆ, ಯಾರು ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ.

ಇಳಿಸುವ ಕ್ರಮ ಹೀಗೆ. ಮೊದಲು ಬೋರಿನಲ್ಲಿ ನೀರು ಎಷ್ಟು ಆಳಕ್ಕಿದೆ ಅಂತ ನೋಡಿ ಬರೆದುಕೊಳ್ಳಿ. ಆಮೇಲೆ ವಿಂಚಿನಿಂದ, ಅಂದರೆ ಕೇಬಲ್ ಸುತ್ತಿದ ರಾಟೆಯಿಂದ, ನಿಧಾನವಾಗಿ ಇಳಿಸುತ್ತಾ, 5 ಅಥವಾ 10 ಮೀಟರಿಗೊಮ್ಮೆ ನಿಲ್ಲಿಸಿ. ಅಂಕಿ ಅಲುಗಾಡುವುದು ನಿಂತ ಮೇಲೆ ಓದಿ. ಇಳಿಯುವಾಗಲೇ ಓದಬೇಕು, ಏರುವಾಗ ಅಲ್ಲ. ಯಾಕೆಂದರೆ ಪ್ರೋಬ್ ಹಾದುಹೋದ ಕಡೆ ನೀರು ಕಲಕಿರುತ್ತದೆ. ಇಳಿಯುವಾಗ ಮುಂದಿನ ನೀರು ಇನ್ನೂ ಮುಟ್ಟದ್ದು. ನೀರಿನ ಮಟ್ಟಕ್ಕಿಂತ ಮೇಲೆ ಬರೀ ಗಾಳಿ ಇರುವುದರಿಂದ ಅಲ್ಲಿ ಪ್ರೋಬ್ ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಆ ಭಾಗದ ಅಂಕಿಗಳ ಮೇಲೆ ಭಾರ ಹಾಕಬೇಡಿ.

ಇಲ್ಲಿ ಹೊಸಬರು ಮರೆಯುವ ಒಂದು ವಿಷಯ ಇದೆ. ಖನಿಜ ಹುಡುಕುವ ಬೋರ್‌ಗಳು ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ, ಓರೆಯಾಗಿ ಕೊರೆದಿರುತ್ತಾರೆ. ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಕೊರೆದ ಬೋರಿನಲ್ಲಿ 100 ಮೀಟರ್ ಕೇಬಲ್ ಬಿಟ್ಟರೆ ನಿಜವಾದ ಆಳ 86.6 ಮೀಟರ್ ಮಾತ್ರ. ಈ ಲೆಕ್ಕ ತಪ್ಪಿದರೆ ಉತ್ತರ 13 ಶೇಕಡ ಕಡಿಮೆ ಬರುತ್ತದೆ.

ಹಂತ 4: ಗ್ರಾಫನ್ನು ಅನುಮಾನದಿಂದ ನೋಡುವುದು

ಆಳವನ್ನು ಕೆಳಮುಖವಾಗಿ, ತಾಪಮಾನವನ್ನು ಬಲಕ್ಕೆ ಇಟ್ಟು ಗ್ರಾಫ್ ಬರೆಯಿರಿ. ಬಂಡೆ ಒಂದೇ ಥರ ಇದ್ದು, ನೀರು ಸುಮ್ಮನಿದ್ದರೆ ನೇರ ಗೆರೆ ಬರುತ್ತದೆ. ನಿಜವಾದ ಬೋರಿನಲ್ಲಿ ಪೂರ್ತಿ ನೇರ ಗೆರೆ ಬರುವುದು ಅಪರೂಪ. ಗೆರೆ ಎಲ್ಲಿ ಬಾಗಿದೆ, ಯಾಕೆ ಬಾಗಿದೆ ಅಂತ ಒಂದೊಂದನ್ನೂ ಕೇಳಿಕೊಳ್ಳಬೇಕು. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಮೇಲಿನ ನೂರು ನೂರೈವತ್ತು ಮೀಟರಿನಲ್ಲಿ ಏರಿಕೆ ಬಹಳ ಕಡಿಮೆಯಿದ್ದು, ಕೆಲವೊಮ್ಮೆ ಉಲ್ಟಾ ಆಗಿ ಮೇಲೇ ಬಿಸಿಯಿದ್ದು, ಕೆಳಗೆ ಹೋದಂತೆ ಸರಿಯಾದರೆ, ನೆಲದ ಮೇಲ್ಮೈ ಈಚಿನ ದಶಕಗಳಲ್ಲಿ ಬಿಸಿಯಾಗಿದೆ ಅಂತ ಅರ್ಥ. ಹವಾಮಾನ ಬಿಸಿಯಾದದ್ದಿರಬಹುದು, ಕಾಡು ಕಡಿದದ್ದಿರಬಹುದು, ಪಕ್ಕದಲ್ಲೇ ಊರು ಬೆಳೆದದ್ದಿರಬಹುದು. ಭಾರತದ ಹಲವು ಬೋರ್‌ಗಳ ಇಂಥ ಬಾಗುವಿಕೆಯನ್ನು ಒಟ್ಟಿಗೆ ಓದಿ, ಕಳೆದ ಒಂದೂವರೆ ಶತಮಾನದಲ್ಲಿ ನೆಲ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮಗೆ ಅಡ್ಡಿಯಾದದ್ದು ಹವಾಮಾನ ಓದುವವರಿಗೆ ಸಂಪತ್ತು. ಆ ಭಾಗದ ಅಂಕಿಗಳನ್ನು ಎಸೆಯಬೇಡಿ.

ನೀರಿನ ಗುರುತು ಬೇರೆ. ಇಡೀ ಪ್ರದೇಶದಲ್ಲಿ ನೀರು ಬಂಡೆಯ ಮೂಲಕ ಕೆಳಕ್ಕೆ ಇಂಗುತ್ತಿದ್ದರೆ ಮೇಲೆ ಏರಿಕೆ ಕಡಿಮೆ, ಕೆಳಗೆ ಜಾಸ್ತಿ. ನೀರು ಮೇಲಕ್ಕೆ ಉಕ್ಕುತ್ತಿದ್ದರೆ ಮೇಲೆ ಏರಿಕೆ ಜಾಸ್ತಿ, ಕೆಳಗೆ ಹೋದಂತೆ ಕಡಿಮೆ. ಬೋರಿನೊಳಗೇ ನೀರು ಒಂದು ಬಿರುಕಿನಲ್ಲಿ ಒಳಬಂದು ಇನ್ನೊಂದರಲ್ಲಿ ಹೊರಹೋಗುತ್ತಿದ್ದರೆ ಆ ಎರಡರ ನಡುವೆ ಗೆರೆ ಸರಿಸುಮಾರು ಕಂಬದಂತೆ ನಿಲ್ಲುತ್ತದೆ. ಹತ್ತಾರು ಮೀಟರ್ ಇಳಿದರೂ ತಾಪಮಾನ ಬದಲಾಗುವುದಿಲ್ಲ. ಆಮೇಲೆ ಒಮ್ಮೆಗೇ ಹಾರುತ್ತದೆ. ಊರಿನವರು ಹೇಳಿದ ನೀರಿನ ಆಳಗಳ ಜೊತೆ ಹೋಲಿಸಿ ನೋಡಿ. ಬಹಳ ಸಲ ತಾಳೆಯಾಗುತ್ತದೆ.

ಇಂಥ ಭಾಗಗಳನ್ನು ಲೆಕ್ಕದಿಂದ ಬಿಟ್ಟುಬಿಡಬೇಕು. 400 ಮೀಟರಿನ ಬೋರಿನಲ್ಲಿ ನಂಬಬಹುದಾದ ಭಾಗ 150 ಮೀಟರ್ ಮಾತ್ರ ಉಳಿದರೂ ಪರವಾಗಿಲ್ಲ. ಆದರೆ ಬಿಟ್ಟದ್ದು ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಬೇಕಾದ ಉತ್ತರ ಬರಲಿ ಅಂತ ಭಾಗ ಆರಿಸಿಕೊಳ್ಳುವುದು ಮೋಸ.

ಗೆರೆಯ ಓರೆ ಒಂದು ಆಳದಲ್ಲಿ ಬದಲಾಗಿ, ಅಲ್ಲಿಂದ ಮತ್ತೆ ನೇರವಾಗಿ ಹೋದರೆ ಹೆದರಬೇಡಿ. ಕೋರ್ ಪೆಟ್ಟಿಗೆ ತೆಗೆದು ನೋಡಿ. ಅಲ್ಲಿ ಕಲ್ಲು ಬದಲಾಗಿರುವ ಸಾಧ್ಯತೆ ಜಾಸ್ತಿ.

ಹಂತ 5: ಕಲ್ಲನ್ನು ಅಳೆಯುವುದು

ಕೋರಿನಿಂದ ಬೇರೆ ಬೇರೆ ಆಳದ ತುಂಡು ಆರಿಸಿ. ಚೆನ್ನಾಗಿ ಕಾಣುವ ತುಂಡನ್ನೇ ಆರಿಸುವ ಚಪಲ ಬೇಡ. 10 ಮೀಟರಿಗೊಂದು, 20 ಮೀಟರಿಗೊಂದು ಅಂತ ಕಟ್ಟುನಿಟ್ಟಾಗಿ ತೆಗೆದುಕೊಳ್ಳಿ. ಪ್ರತಿ ತುಂಡನ್ನೂ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆಯಾಗಿ ಕತ್ತರಿಸಿ, ಎರಡೂ ಮುಖ ಕನ್ನಡಿಯಂತೆ ಸಮ ಆಗುವವರೆಗೆ ಉಜ್ಜುತ್ತಾರೆ. ಆಮೇಲೆ ಗಾಳಿ ತೆಗೆದ ಪಾತ್ರೆಯಲ್ಲಿ ನೀರಿನಲ್ಲಿ ನೆನೆಸುತ್ತಾರೆ. ನೆಲದೊಳಗೆ ಕಲ್ಲಿನ ಸಣ್ಣ ಸಂದುಗಳಲ್ಲಿ ನೀರಿರುತ್ತದೆ, ಪೆಟ್ಟಿಗೆಯಲ್ಲಿ ಇಟ್ಟ ಕೋರಿನಲ್ಲಿ ಗಾಳಿ ತುಂಬಿರುತ್ತದೆ. ನೀರಿನ ವಾಹಕತೆ 0.6. ಗಾಳಿಯದು 0.025. ಒಣ ಮರಳುಗಲ್ಲನ್ನು ಹಾಗೇ ಅಳೆದರೆ ಉತ್ತರ ತೀರ ಕಡಿಮೆ ಬರುತ್ತದೆ. ಗ್ರಾನೈಟ್, ನೈಸ್ ಕಲ್ಲುಗಳಲ್ಲಿ ಸಂದು ಕಡಿಮೆ, ವ್ಯತ್ಯಾಸವೂ ಕಡಿಮೆ. ಆದರೂ ನೆನೆಸುವುದನ್ನು ಬಿಡಬೇಡಿ.

ಅಳೆಯುವ ಯಂತ್ರಕ್ಕೆ ಡಿವೈಡೆಡ್ ಬಾರ್ ಅನ್ನುತ್ತಾರೆ. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಗೋಪುರ ಅದು. ನಡುವೆ ನಮ್ಮ ಕಲ್ಲು, ಅದರ ಮೇಲೆ ಕೆಳಗೆ ವಾಹಕತೆ ಗೊತ್ತಿರುವ ಸಿಲಿಕಾ ಗಾಜಿನ ಬಿಲ್ಲೆ, ಪ್ರತಿ ಸಂಧಿಯಲ್ಲೂ ತೆಳುವಾದ ತಾಮ್ರದ ತಟ್ಟೆ. ತಟ್ಟೆಯ ಅಂಚಿನ ತೂತಿನಲ್ಲಿ ಕೂದಲಿನಷ್ಟು ಸಣ್ಣ ತಾಪಮಾಪಕ. ಮೇಲಿನಿಂದ ಬೆಚ್ಚಗಿನ ನೀರು, ಕೆಳಗಿನಿಂದ ತಣ್ಣೀರು ಹರಿಸುತ್ತಾರೆ. ಕಲ್ಲು ಮತ್ತು ತಟ್ಟೆಯ ನಡುವೆ ಗಾಳಿ ಉಳಿಯದಂತೆ ಗ್ಲಿಸರಿನ್ ಸವರಿ, ಮೇಲಿನಿಂದ ಒತ್ತಿ ಹಿಡಿಯುತ್ತಾರೆ. ಹತ್ತು ಹದಿನೈದು ನಿಮಿಷಕ್ಕೆ ಅಂಕಿಗಳು ನಿಲ್ಲುತ್ತವೆ.

ಗೋಪುರದುದ್ದಕ್ಕೂ ಹರಿಯುವ ಶಾಖ ಒಂದೇ. ಹಾಗಾಗಿ ಯಾವ ಬಿಲ್ಲೆಯಲ್ಲಿ ತಾಪಮಾನ ಜಾಸ್ತಿ ಇಳಿಯುತ್ತದೋ ಅದರ ವಾಹಕತೆ ಕಡಿಮೆ. ಒಂದೇ ದಪ್ಪದ ಸಿಲಿಕಾ ಬಿಲ್ಲೆಯಲ್ಲಿ 4.0 ಡಿಗ್ರಿ ಇಳಿದು, ಕಲ್ಲಿನಲ್ಲಿ 1.9 ಡಿಗ್ರಿ ಇಳಿಯಿತು ಅಂತಿಟ್ಟುಕೊಳ್ಳಿ. ಸಿಲಿಕಾ ಗಾಜಿನ ವಾಹಕತೆ 1.38. ಅದನ್ನು 4.0ರಿಂದ ಗುಣಿಸಿ 1.9ರಿಂದ ಭಾಗಿಸಿದರೆ 2.9. ನೈಸ್ ಕಲ್ಲಿಗೆ ಹೊಂದುವ ಅಂಕಿ.

ಪದರ ಪದರವಾದ ಕಲ್ಲು, ಉದಾಹರಣೆಗೆ ಶಿಸ್ಟ್, ಪದರದ ಉದ್ದಕ್ಕೆ ಜಾಸ್ತಿ ಶಾಖ ಬಿಡುತ್ತದೆ, ಅಡ್ಡಕ್ಕೆ ಕಡಿಮೆ. ಬೋರಿನಲ್ಲಿ ಪದರ ಯಾವ ಕೋನದಲ್ಲಿತ್ತು ಅಂತ ನೋಡಿ, ಶಾಖ ಮೇಲಕ್ಕೆ ಬರುವ ದಿಕ್ಕಿಗೇ ಬಿಲ್ಲೆ ಕತ್ತರಿಸಬೇಕು. ಕೋರ್ ಇಲ್ಲದೆ ಬರೀ ಕಲ್ಲಿನ ಚೂರು ಸಿಕ್ಕಿದರೆ ಅದನ್ನು ನೀರಿನ ಜೊತೆ ಡಬ್ಬಿಯಲ್ಲಿ ತುಂಬಿ ಅಳೆದು, ನೀರಿನ ಪಾಲನ್ನು ಲೆಕ್ಕದಲ್ಲಿ ಕಳೆಯುತ್ತಾರೆ. ಮೆತ್ತನೆಯ ಮಣ್ಣಿಗಾದರೆ ಬಿಸಿಯಾಗುವ ಸೂಜಿ ಚುಚ್ಚಿದರೆ ಸಾಕು.

ಹಂತ 6: ಲೆಕ್ಕ

ಲೆಕ್ಕ ಕಣ್ಣಿಗೆ ಕಾಣಲಿ ಅಂತ ಧಾರವಾಡ ಕ್ರೇಟಾನಿಗೆ ಹೊಂದುವಂಥ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಯಾವುದೇ ನಿಜವಾದ ಬೋರಿನದಲ್ಲ.

150 ಮೀಟರ್ – 27.61 ಡಿಗ್ರಿ
200 ಮೀಟರ್ – 28.20
250 ಮೀಟರ್ – 28.82
300 ಮೀಟರ್ – 29.42
350 ಮೀಟರ್ – 30.11
400 ಮೀಟರ್ – 30.81

ಮೊದಲ 150 ಮೀಟರ್ ಹವಾಮಾನದ ಕಾರಣಕ್ಕೆ ಬಿಟ್ಟಿದ್ದೇವೆ. 150ರಿಂದ 300ರವರೆಗೆ 1.81 ಡಿಗ್ರಿ ಏರಿದೆ, ಅಂದರೆ ಕಿಲೋಮೀಟರಿಗೆ 12.1. 300ರ ಕೆಳಗೆ ಕಿಲೋಮೀಟರಿಗೆ 13.9. ಕೆಳಗೆ ಶಾಖ ಜಾಸ್ತಿ ಆಯಿತಾ? ಇಲ್ಲ. ಕೋರ್ ನೋಡಿದರೆ 300 ಮೀಟರಿನವರೆಗೆ ನೈಸ್, ವಾಹಕತೆ 2.9. ಅಲ್ಲಿಂದ ಕೆಳಗೆ ಕಪ್ಪು ಆಂಫಿಬೊಲೈಟ್, ವಾಹಕತೆ 2.5. ಮೇಲೆ 12.1ನ್ನು 2.9ರಿಂದ ಗುಣಿಸಿದರೆ 35. ಕೆಳಗೆ 13.9ನ್ನು 2.5ರಿಂದ ಗುಣಿಸಿದರೂ 35ರ ಆಸುಪಾಸು. ಎರಡು ಬೇರೆ ಕಲ್ಲು, ಒಂದೇ ಉತ್ತರ. ಹೀಗೆ ತಾಳೆಯಾದರೆ ಬೋರನ್ನು ನಂಬಬಹುದು.

ಕಲ್ಲು ಐದಾರು ಸಲ ಬದಲಾದಾಗ ಬುಲ್ಲಾರ್ಡ್ ತೋರಿಸಿದ ದಾರಿ ಸುಲಭ. ಪ್ರತಿ ಪದರದ ದಪ್ಪವನ್ನು ಅದರ ವಾಹಕತೆಯಿಂದ ಭಾಗಿಸಿ, ಕೂಡಿಸುತ್ತಾ ಹೋಗಿ. ಇಲ್ಲಿ 150ನ್ನು 2.9ರಿಂದ ಭಾಗಿಸಿದರೆ 51.7. 100ನ್ನು 2.5ರಿಂದ ಭಾಗಿಸಿದರೆ 40. ಒಟ್ಟು 91.7. ತಾಪಮಾನ ಏರಿದ್ದು ಒಟ್ಟು 3.20 ಡಿಗ್ರಿ. ಭಾಗಿಸಿದರೆ 0.0349 ವ್ಯಾಟ್, ಅಂದರೆ 34.9 ಮಿಲಿವ್ಯಾಟ್. ಕೂಡಿಸಿದ ಈ ಅಂಕಿಯ ಎದುರು ತಾಪಮಾನದ ಗ್ರಾಫ್ ಬರೆದರೆ, ಮುರಿದಿದ್ದ ಗೆರೆ ಒಂದೇ ನೇರ ಗೆರೆಯಾಗುತ್ತದೆ. ಅದನ್ನು ಮೊದಲ ಸಲ ಸ್ವಂತ ಅಂಕಿಗಳಲ್ಲಿ ಕಂಡಾಗ ಆಗುವ ಖುಷಿಯೇ ಬೇರೆ.

ಹಂತ 7: ತಿದ್ದುಪಡಿ

ಗುಡ್ಡಗಾಡಿನಲ್ಲಿ ಕಣಿವೆಯ ಕೆಳಗೆ ಶಾಖ ಒತ್ತೊತ್ತಾಗಿ ಬರುತ್ತದೆ, ಬೆಟ್ಟದ ನೆತ್ತಿಯ ಕೆಳಗೆ ಹರಡಿಕೊಳ್ಳುತ್ತದೆ. ಸಹ್ಯಾದ್ರಿಯಲ್ಲೋ ಹಿಮಾಲಯದಲ್ಲೋ ಕಣಿವೆಯಲ್ಲಿ ಅಳೆದರೆ ನಿಜಕ್ಕಿಂತ ಜಾಸ್ತಿ ಕಾಣುತ್ತದೆ. ಸುತ್ತಲಿನ ಕಿಲೋಮೀಟರುಗಟ್ಟಲೆ ನೆಲದ ಎತ್ತರ ತೆಗೆದುಕೊಂಡು ಇದನ್ನು ಸರಿಪಡಿಸಬೇಕು. ಕೋಲಾರದ ಬಯಲಿನಂಥ ಕಡೆ ಇದು ಗಣನೆಗೆ ಬರುವಷ್ಟು ಇರುವುದಿಲ್ಲ. ಮಣ್ಣು ವೇಗವಾಗಿ ಸವೆಯುತ್ತಿರುವ ಜಾಗದಲ್ಲಿ ಒಳಗಿನ ಬಿಸಿ ಬಂಡೆ ಮೇಲಕ್ಕೆ ಬಂದು ಅಳತೆ ಹೆಚ್ಚುತ್ತದೆ. ಹೂಳು ತುಂಬುತ್ತಿರುವ ಜಾಗದಲ್ಲಿ ಇಳಿಯುತ್ತದೆ.

ಹಿಮಯುಗದ ಪ್ರಭಾವ ಇನ್ನೂ ಆಳಕ್ಕೆ ಹೋಗುತ್ತದೆ. ಹತ್ತು ಸಾವಿರ ವರ್ಷದ ಹಿಂದಿನ ಚಳಿ ಇವತ್ತು ಒಂದು ಕಿಲೋಮೀಟರ್ ಆಳದಲ್ಲೂ ಗುರುತು ಬಿಟ್ಟಿರುತ್ತದೆ. ಕೆನಡಾ, ಫಿನ್‌ಲೆಂಡ್, ರಷ್ಯಾದ ಉತ್ತರ ಭಾಗದಲ್ಲಿ ಅಳೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕೋಲಾ ಪರ್ಯಾಯ ದ್ವೀಪದಲ್ಲಿ ಸೋವಿಯತ್ ವಿಜ್ಞಾನಿಗಳು 12,262 ಮೀಟರ್ ಕೊರೆದರು. ತಳದಲ್ಲಿ ಸುಮಾರು 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು. ಸಿಕ್ಕಿದ್ದು 180. ಮೇಲಿನ ಭಾಗದ ಅಂಕಿ ನೋಡಿ ಕೆಳಗಿನದನ್ನು ಊಹಿಸುವುದು ಎಷ್ಟು ಅಪಾಯ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹಂತ 8: ಶಾಖ ಎಲ್ಲಿಂದ ಬಂತು?

ಅಳೆದ ಶಾಖದಲ್ಲಿ ಒಂದು ಪಾಲು ಬಂಡೆಯೊಳಗೇ ಹುಟ್ಟುತ್ತದೆ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ನಿಧಾನವಾಗಿ ಕ್ಷಯಿಸುತ್ತಾ ಬಿಸಿ ಕೊಡುತ್ತವೆ. ಅದೇ ಕಲ್ಲಿನ ಪುಡಿಯನ್ನು ಗಾಮಾ ಕಿರಣದ ಯಂತ್ರದಲ್ಲಿ ಇಟ್ಟು ಮೂರನ್ನೂ ಎಣಿಸಿ. ಹತ್ತು ಲಕ್ಷದಲ್ಲಿ 4 ಪಾಲು ಯುರೇನಿಯಂ, 15 ಪಾಲು ಥೋರಿಯಂ, ನೂರರಲ್ಲಿ 3.5 ಪಾಲು ಪೊಟ್ಯಾಸಿಯಂ ಇರುವ ಗ್ರಾನೈಟ್, ಘನ ಮೀಟರಿಗೆ ಸುಮಾರು 2.4 ಮೈಕ್ರೋವ್ಯಾಟ್ ಹುಟ್ಟಿಸುತ್ತದೆ. ಅಂಥ ಗ್ರಾನೈಟ್ 10 ಕಿಲೋಮೀಟರ್ ದಪ್ಪ ಇದ್ದರೆ ಅದೊಂದೇ 24 ಮಿಲಿವ್ಯಾಟ್ ಕೊಟ್ಟಿತು. ಧಾರವಾಡದ ಒಟ್ಟು ಮೊತ್ತ 35ರ ಆಸುಪಾಸು ಅಲ್ವಾ? ಹಾಗಾದರೆ ನಮ್ಮ ಕಾಲ ಕೆಳಗಿನ ಮ್ಯಾಂಟಲ್‌ನಿಂದ, ಅಂದರೆ ಭೂಮಿಯ ಹೊರಚಿಪ್ಪಿನ ಕೆಳಗಿನ ಬಿಸಿ ಪದರದಿಂದ, ಬರುವುದು ಬಹಳ ಕಡಿಮೆ. ಇಲ್ಲಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಅದರಡಿ ತಣ್ಣಗಾದ ದಪ್ಪ ಬೇರು ಇದೆ. ಕೆಳಗಿನ ಬಿಸಿ ಅದನ್ನು ದಾಟಿ ಬರಲು ಹೆಣಗುತ್ತದೆ. ಕೋಲಾರದ ಗಣಿಯನ್ನು ಅಷ್ಟು ಕೆಳಗೆ ಇಳಿಸಲು ಸಾಧ್ಯವಾದದ್ದು ಇದರಿಂದ.

ಜಾಗ ಬದಲಾದರೆ ದಾರಿಯೂ ಬದಲು

ಗುಜರಾತಿನ ಖಂಭಾತ್ ಕಣಿವೆಗೆ ಹೋದರೆ ಅಲ್ಲಿ ಗಟ್ಟಿ ಬಂಡೆಯ ಬೋರ್ ಸಿಗುವುದಿಲ್ಲ, ತೈಲಬಾವಿಗಳು ಸಿಗುತ್ತವೆ. ತಿಂಗಳುಗಟ್ಟಲೆ ಕಾಯಲು ಅಲ್ಲಿ ಯಾರೂ ಬಿಡುವುದಿಲ್ಲ. ಕೊರೆತ ನಿಲ್ಲಿಸಿದ ಆರು, ಹನ್ನೆರಡು, ಇಪ್ಪತ್ನಾಲ್ಕು ಗಂಟೆಗೆ ತಳದ ತಾಪಮಾನ ತೆಗೆದು, ಏರುತ್ತಿರುವ ಆ ಅಂಕಿಗಳು ಕೊನೆಗೆ ಎಲ್ಲಿ ನಿಲ್ಲುತ್ತವೆ ಅಂತ ಹಾರ್ನರ್ ವಿಧಾನದಲ್ಲಿ ಲೆಕ್ಕ ಹಾಕುತ್ತಾರೆ. ಒಂದೇ ಓದು ಇದ್ದರೆ ಈ ಲೆಕ್ಕ ಆಗುವುದಿಲ್ಲ, ಕನಿಷ್ಠ ಎರಡು ಬೇಕು, ಮೂರಿದ್ದರೆ ಒಳ್ಳೆಯದು. ಕಣಿವೆಯ ಉತ್ತರ ಭಾಗದಲ್ಲಿ 75ರಿಂದ 93 ಮಿಲಿವ್ಯಾಟ್ ಸಿಕ್ಕಿದೆ, ಧಾರವಾಡದ ಎರಡು ಪಟ್ಟಿಗೂ ಜಾಸ್ತಿ. ಭೂಮಿ ಸೀಳಿ ತೆಳುವಾದ ಜಾಗ ಅದು.

ಲಡಾಖಿನ ಪೂಗಾ ಕಣಿವೆಯ ಕಥೆಯೇ ಬೇರೆ. ಸುಮಾರು 4,400 ಮೀಟರ್ ಎತ್ತರ. ಅಲ್ಲಿ ನೀರು ಕುದಿಯುವುದೇ 84, 85 ಡಿಗ್ರಿಗೆ, ಬುಗ್ಗೆಗಳು ಆ ಬಿಸಿಯಲ್ಲೇ ಉಕ್ಕುತ್ತವೆ. ಬೋರಿನಲ್ಲಿ ಏರಿಕೆ ನೋಡಿ ಗುಣಿಸಿದರೆ ನೂರಾರು ಮಿಲಿವ್ಯಾಟ್ ಬರುತ್ತದೆ. ಆದರೆ ಅದನ್ನು ಹಾಗೇ ಇಡೀ ಪ್ರದೇಶಕ್ಕೆ ಅನ್ವಯಿಸಬಾರದು. ಅಲ್ಲಿ ಶಾಖ ಹೊತ್ತು ತರುವುದು ನೀರು, ಬಂಡೆ ಅಲ್ಲ. ಅಲ್ಲಿ ಬುಗ್ಗೆಗಳನ್ನೂ ಅಳೆಯಬೇಕು. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಬಿಸಿ ಅಂತ. 5 ಡಿಗ್ರಿಯ ನೀರು ಒಳಗೆ ಇಂಗಿ 80 ಡಿಗ್ರಿಯಾಗಿ ಸೆಕೆಂಡಿಗೆ ಒಂದು ಲೀಟರ್ ಹೊರಬಂದರೆ ಅದು ಹೊತ್ತು ತಂದ ಶಾಖ ಸುಮಾರು 314 ಕಿಲೋವ್ಯಾಟ್. ಧಾರವಾಡ ಕ್ರೇಟಾನಿನಲ್ಲಿ 9 ಚದರ ಕಿಲೋಮೀಟರ್ ನೆಲ ಸೇರಿ ಕೊಡುವಷ್ಟು ಶಾಖ ಆ ಒಂದು ಲೀಟರ್ ನೀರಿನಲ್ಲಿದೆ. ಇಟಲಿಯ ಲಾರ್ಡರೆಲ್ಲೊದಲ್ಲಿ ಇಂಥ ಶಾಖದಿಂದ 1904ರಲ್ಲೇ ಬಲ್ಬ್ ಉರಿಸಿದ್ದರು.

ಸಮುದ್ರದ ತಳದಲ್ಲಿ ಬೋರ್ ಬೇಕಿಲ್ಲ. ಆಳ ಸಮುದ್ರದ ನೀರು ವರ್ಷವಿಡೀ ಒಂದೇ ತಂಪಿನಲ್ಲಿರುವುದರಿಂದ ಹವಾಮಾನದ ಕಾಟ ಕಡಿಮೆ. ಮೂರರಿಂದ ಐದು ಮೀಟರ್ ಉದ್ದದ, ಭಾರ ಕಟ್ಟಿದ ಈಟಿಯನ್ನು ಹಡಗಿನಿಂದ ಇಳಿಸಿ ತಳದ ಕೆಸರಿಗೆ ಚುಚ್ಚುತ್ತಾರೆ. ಚುಚ್ಚಿದ ತಿಕ್ಕಾಟಕ್ಕೆ ಅದು ಬಿಸಿಯಾಗುತ್ತದೆ. ಐದರಿಂದ ಹತ್ತು ನಿಮಿಷ ಕಾದು, ಬಿಸಿ ಇಳಿಯುವ ರೀತಿ ನೋಡಿ ಕೆಸರಿನ ನಿಜವಾದ ತಾಪಮಾನ ಲೆಕ್ಕ ಹಾಕುತ್ತಾರೆ. ಆಮೇಲೆ ಈಟಿಯೊಳಗಿನ ತಂತಿಗೆ ಕೆಲವು ಸೆಕೆಂಡು ಕರೆಂಟ್ ಕೊಟ್ಟು, ಆ ಶಾಖ ಎಷ್ಟು ಬೇಗ ಹರಡಿತು ಅಂತ ನೋಡಿದರೆ ವಾಹಕತೆಯೂ ಅಲ್ಲೇ ಸಿಗುತ್ತದೆ. ಅಷ್ಟು ಹೊತ್ತು ಹಡಗು ಅಲುಗಾಡದೆ ನಿಲ್ಲಬೇಕು, ಈಟಿ ಎಳೆದಾಡಿದರೆ ಮತ್ತೆ ಬಿಸಿಯಾಗುತ್ತದೆ. ಸಮುದ್ರ ತಳದ ವಯಸ್ಸನ್ನು ದಶಲಕ್ಷ ವರ್ಷಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲದಿಂದ 500ನ್ನು ಭಾಗಿಸಿದರೆ ಬರಬೇಕಾದ ಶಾಖ ಸುಮಾರಾಗಿ ಸಿಗುತ್ತದೆ. 10 ಕೋಟಿ ವರ್ಷದ ತಳಕ್ಕೆ 50 ಮಿಲಿವ್ಯಾಟ್. ಆದರೆ ಹೊಸ ತಳದಲ್ಲಿ ಈಟಿ ತೋರಿಸುವುದು ಈ ಲೆಕ್ಕಕ್ಕಿಂತ ಎಷ್ಟೋ ಕಡಿಮೆ. ಉಳಿದದ್ದನ್ನು ಬಿರುಕುಗಳಲ್ಲಿ ಸುತ್ತುವ ಸಮುದ್ರದ ನೀರು ಹೊತ್ತೊಯ್ಯುತ್ತದೆ ಅಂತ ವಿಜ್ಞಾನಿಗಳು ಮೊದಲೇ ಅಂದಿದ್ದರು. 1977ರಲ್ಲಿ ಗಾಲಾಪಗೋಸ್ ಹತ್ತಿರ ಆ ಬಿಸಿನೀರಿನ ಬುಗ್ಗೆಗಳು ಕಣ್ಣಿಗೇ ಬಿದ್ದವು.

ಕೊನೆಗೆ ಬರೆದಿಡುವುದು

ಬರೀ "35 ಮಿಲಿವ್ಯಾಟ್" ಅಂತ ಬರೆದರೆ ಆ ಅಂಕಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ. ಬೋರಿನ ಅಕ್ಷಾಂಶ, ರೇಖಾಂಶ, ಎತ್ತರ, ಓರೆ, ಕೊರೆದು ಮುಗಿದ ದಿನ, ಅಳೆದ ದಿನ, ನೀರಿನ ಮಟ್ಟ, ಬಳಸಿದ ಆಳದ ಭಾಗ, ಎಷ್ಟು ಬಿಲ್ಲೆ ಅಳೆದಿರಿ, ಒಣಗಿದ್ದೋ ನೆನೆಸಿದ್ದೋ, ಯಾವ ತಿದ್ದುಪಡಿ ಮಾಡಿದಿರಿ, ಯಾವುದನ್ನು ಮಾಡಲಿಲ್ಲ, ಎಲ್ಲವನ್ನೂ ಬರೆಯಿರಿ. ತಿದ್ದುವ ಮೊದಲಿನ ಅಂಕಿಯನ್ನೂ ಇಡಿ. 1963ರಲ್ಲಿ ಶುರುವಾದ ಅಂತರರಾಷ್ಟ್ರೀಯ ಶಾಖದ ಹರಿವಿನ ಆಯೋಗ ಜಗತ್ತಿನ ಅಳತೆಗಳನ್ನೆಲ್ಲ ಒಂದೇ ಕಡೆ ಕೂಡಿಡುತ್ತದೆ. ನಿಮ್ಮದೂ ಅಲ್ಲಿಗೆ ಸೇರಲಿ.

ಹೊರಡುವಾಗ ಮುಚ್ಚಳ ಮತ್ತೆ ಬಿಗಿ ಮಾಡಿ, ಬೀಗ ಹಾಕಿ, ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ. ಒಂದು ವರ್ಷ ಬಿಟ್ಟು ಅದೇ ಬೋರಿಗೆ ಮತ್ತೆ ಪ್ರೋಬ್ ಇಳಿಸಿ. 200 ಮೀಟರಿನ ಕೆಳಗೆ ಎರಡೂ ಸಲದ ಅಂಕಿ ಡಿಗ್ರಿಯ ನೂರನೇ ಒಂದೆರಡು ಭಾಗದೊಳಗೆ ಕೂಡಿಬಂದರೆ ಪ್ರಕಟಿಸಬಹುದು. ಕೂಡಿಬರದಿದ್ದರೆ ಬೋರಿನಲ್ಲಿ ನೀರು ಓಡಾಡುತ್ತಿದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.